ಖಂಡೆ ಪೂಜೆಗೆ ಕೂತ ಡಬ್ಬಿ

ಮಕ್ಕಳೇ, ನಮ್ಮ ಮನೆಯ ಟೀವಿ ಹಚ್ಚಿದ ಕೂಡಲೇ ಅದು ಇಂಗ್ಲಿಷಿನಲ್ಲಿ ಒಂದು ಪ್ರಶ್ನೆ ಕೇಳುತ್ತದೆ. ನೋಡುತ್ತಿರುವವರು ಯಾರು ಎಂದು ಅದರ ಅರ್ಥವಂತೆ, ನೀವೇ ಹೇಳಿದ್ದು. ಕೆಳಗೆ ನಾಲ್ಕು ಚಿತ್ರಗಳು. ನಿಮ್ಮಪ್ಪನದು ಕಪ್ಪು ಕನ್ನಡಕದ ಮುಖ, ನಿಮ್ಮವ್ವನದು ಹೂವು, ನಿಮ್ಮಿಬ್ಬರಿಗೂ ಸೇರಿ ಒಂದು ಕರಡಿ. ನನಗೆ ಗೂಬೆ ಹಾಕಿದ್ದೀರಿ. ಗೂಬೆಯೇ ಯಾಕೆ ಎಂದು ನಾನು ಕೇಳಲಿಲ್ಲ. ಈ ಮನೆಗೆ ನಾನು ಸೊಸೆಯಾಗಿ ಬಂದಾಗ ಆ ಗೋಡೆಗೆ ಸುಣ್ಣ ಕೂಡ ಇರಲಿಲ್ಲ. ಈಗ ಅದೇ ಗೋಡೆಗೆ ನೇತುಹಾಕಿದ ಒಂದು ಸಾಮಾನು ನನ್ನನ್ನೇ ನೀನು ಯಾರು ಎಂದು ಕೇಳುತ್ತದೆ. ಉತ್ತರ ಕೊಡದಿದ್ದರೆ ಮುಂದೆ ಹೋಗುವುದಿಲ್ಲ. ಇಷ್ಟು ಸೊಕ್ಕು ನಮ್ಮ ಅತ್ತೆಗೂ ಇರಲಿಲ್ಲ.

ಇಂಥದ್ದನ್ನೆಲ್ಲ ನಾನು ಬಾಯಿಬಿಟ್ಟು ಹೇಳಿದವಳಲ್ಲ. ಮೂಡಲಗಿ ಬಾಜೂಕಿನ ನಮ್ಮ ಹಳ್ಳಿಯ ಕನ್ನಡ ಸಾಲೆಯಲ್ಲಿ ಏಳನೆಯ ಇಯತ್ತೆಯ ತನಕ ಓದಿದೆ. ಮಾಸ್ತರರು ಪ್ರಶ್ನೆ ಕೇಳಿದರೆ ಉತ್ತರ ಗೊತ್ತಿದ್ದರೂ ಎದ್ದು ನಿಲ್ಲುತ್ತಿರಲಿಲ್ಲ. ಪಾಟಿಯ ಮೇಲೆ ಬರೆದು ಬಾಜೂಕಿನ ಹುಡುಗಿಯ ಕೈಯಲ್ಲಿ ಕೊಡುತ್ತಿದ್ದೆ. ಶಾಬಾಸ್‌ಗಿರಿ ಅವಳಿಗೆ ಸಿಗುತ್ತಿತ್ತು. ಇಂದಿಗೂ ಪಡಸಾಲೆಯಲ್ಲಿ ಗಂಡಸರು ಕೂತರೆ ನನ್ನ ಜಾಗ ಅಡುಗೆಮನೆಯ ಬಾಗಿಲಿನ ಮರೆ. ಅಲ್ಲಿಂದ ಎಲ್ಲ ಕೇಳುತ್ತದೆ, ಮತ್ತು ಕೇಳುವುದರಲ್ಲಿ ಮುಕ್ಕಾಲುಪಾಲು ಉಗುಳಿ ಬಿಡುವಂಥದ್ದೇ ಇರುತ್ತದೆ. ಉಗುಳಲಾರದೆ ನುಂಗಿದ್ದನ್ನು ಈಗ ಪಾಟಿಯ ಮೇಲೆ ಬರೆಯುತ್ತಿದ್ದೇನೆ ಎಂದುಕೊಳ್ಳಿ.

ಇದು ಟೀವಿಯ ಕೆಳಗಿನ ಹಲಗೆಯ ಮೇಲೆ ಇರುವ ಕಪ್ಪು ಡಬ್ಬಿಯ ಮಾತು. ನೀವು ಅದರ ಮೇಲೆ ಚಾರ್ಜರ್ ಇಡುತ್ತೀರಲ್ಲ, ಅದು. ಡಿಶ್ಶಿನ ಡಬ್ಬಿ. ಟೀವಿಯಲ್ಲಿ ಬರುವುದನ್ನು ಹಿಡಿದಿಟ್ಟುಕೊಂಡು ಆಮೇಲೆ ತೋರಿಸುತ್ತದೆ. ಅದರೊಳಗೆ ಮೂರು ತಾಸಿನ ಒಂದು ರೆಕಾರ್ಡ್ ಇದೆ, ಅದರ ಕಟ್ಟಕಡೆಯಲ್ಲಿ ನಾನಿದ್ದೇನೆ. ಅದನ್ನು ಬೇರೆ ಎಲ್ಲಿಗೂ ತೆಗೆದುಕೊಳ್ಳಲು ಬರುವುದಿಲ್ಲ. ಕಂಪನಿಯವರು ಬೀಗ ಹಾಕಿರುತ್ತಾರೆ. ಡಬ್ಬಿ ಹೋದರೆ ಅದೂ ಹೋಯಿತು. ಹೋದ ವರ್ಷದ ದಸರೆಯ ತನಕ ಇದು ಗೊತ್ತಿದ್ದದ್ದು ಇಬ್ಬರಿಗೆ. ಅವರಲ್ಲಿ ಒಬ್ಬರು ಅಷ್ಟರಲ್ಲಿ ತೀರಿಕೊಂಡಿದ್ದರು.

ಆ ಡಬ್ಬಿಯನ್ನು ತಂದವರು ನಿಮ್ಮ ಅಜ್ಜ. ಕುಸ್ತಿಯ ಹುಚ್ಚು. ಎಲ್ಲೆಲ್ಲಿಯದೋ ಕುಸ್ತಿಗಳನ್ನು ಟೀವಿಯಲ್ಲಿ ಹಿಡಿದಿಟ್ಟುಕೊಂಡು, ಮಧ್ಯಾಹ್ನ ಊಟವಾದ ಮೇಲೆ ಅದೇ ಪೈಲ್ವಾನ ಅದೇ ಪೈಲ್ವಾನನನ್ನು ಕೆಡವುವುದನ್ನು ಹತ್ತು ಸಲ ನೋಡುತ್ತಿದ್ದರು. ಪ್ರತಿ ಸಲವೂ ಯಾರು ಗೆಲ್ಲುತ್ತಾರೋ ಎನ್ನುವಂತೆ ಮುಂದಕ್ಕೆ ಬಾಗಿ ಕೂರುತ್ತಿದ್ದರು. ನನಗೂ ಕಲಿಸಿದರು. "ಕೆಂಪ ಗುಂಡಿ ಒತ್ತಿದಿ ಅಂದ್ರ ಹಿಡೀತೈತಿ. ಇನ್ನೊಮ್ಮಿ ಒತ್ತಿದಿ ಅಂದ್ರ ಬಿಡತೈತಿ. ಇದರಾಗ ಏನ ಮಂತ್ರ ಇಲ್ಲ." ಹೀಗೆ ನಾನು ಮುಂಜಾನೆಯ ಪ್ರವಚನ ಹಿಡಿದಿಟ್ಟು, ಕೆಲಸ ಮುಗಿದ ಮೇಲೆ ನೋಡಲು ಕಲಿತೆ. ಅಷ್ಟೇ ನನ್ನ ವಿದ್ಯೆ. ಆದರೆ ಅದು ನಿಮ್ಮಪ್ಪನಿಗಿಂತ ಹೆಚ್ಚಿನದೇ. ಅವನು ಒತ್ತಿದಾಗಲೆಲ್ಲ ಯಾವುದೋ ಅಡುಗೆಯ ಕಾರ್ಯಕ್ರಮ ಹಿಡಿಯುತ್ತಿತ್ತು.

ಒಂದು ವರ್ಷ ನಾಗರ ಪಂಚಮಿಗೆ ನಾನು ತವರಿಗೆ ಹೋಗಿದ್ದೆ. ನಮ್ಮ ಕಡೆ ಕೊಟ್ಟ ಹೆಣ್ಣುಮಕ್ಕಳು ಎಷ್ಟೇ ವಯಸ್ಸಾದರೂ ಪಂಚಮಿಗೆ ತವರಿಗೆ ಹೋಗಿ ಜೋಕಾಲಿ ಆಡಲೇಬೇಕು, ಅಳ್ಳು, ಅಂದರೆ ಜೋಳದ ಅರಳು, ತಿನ್ನಲೇಬೇಕು. ಆ ಸಲ ಟೀವಿಯವರು ಮೂಡಲಗಿಗೆ ಬಂದಿದ್ದರು. ಜೋಕಾಲಿ ಆಡುತ್ತ ಹಾಡುವ ಹೆಂಗಸರು ಬೇಕು ಎಂದು ಸುತ್ತಲಿನ ಹಳ್ಳಿಗಳಿಗೆ ಹೇಳಿ ಕಳಿಸಿದ್ದರು. ಬೇವಿನ ಗಿಡಕ್ಕೆ ಹೊಸ ಹಗ್ಗದ ಜೋಕಾಲಿ ಕಟ್ಟಿ, ಅದಕ್ಕೆ ಪ್ಲಾಸ್ಟಿಕ್ ಹೂ ಸುತ್ತಿ, ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿದರು. ಪ್ಯಾಂಟು ಹಾಕಿದ ಒಬ್ಬಾಕೆ, "ನಗುತ್ತಾ ಹಾಡಿ, ನಗುತ್ತಾ ಹಾಡಿ" ಎಂದು ಅಂದದ್ದೇ ಅಂದದ್ದು. ಅಣ್ಣ ಕರೆಯಲು ಬರಲಿಲ್ಲ ಎಂದು ಅಳುವ ಹಾಡನ್ನು ನಗುತ್ತಾ ಹಾಡಬೇಕಂತೆ. ನಾನು ಹಿಂದಿನ ಸಾಲಿನಲ್ಲಿ ಸೆರಗು ಮುಂದಕ್ಕೆ ಎಳೆದುಕೊಂಡು ನಿಂತಿದ್ದೆ. ಮುಂದೆ ಒಬ್ಬಳು ಎತ್ತಿಕೊಡಬೇಕು, ಉಳಿದವರು ಹಿಂದಿನಿಂದ ಹಾಡಬೇಕು, ಅದು ಪದ್ಧತಿ. ಎತ್ತಿಕೊಡುವವಳಿಗೆ ಕ್ಯಾಮೆರಾ ಕಂಡದ್ದೇ ಕೆಮ್ಮು ಹತ್ತಿತು. ಎಲ್ಲರೂ ಸುಮ್ಮನಾದರು. ಆ ಸುಮ್ಮನಿರುವುದನ್ನು ನನ್ನಿಂದ ತಡೆದುಕೊಳ್ಳಲು ಆಗಲಿಲ್ಲ. ಮಾಸ್ತರರ ಮುಂದೆ ಎದ್ದು ನಿಲ್ಲದವಳು ಅಲ್ಲಿ ಯಾಕೆ ಬಾಯಿ ತೆರೆದೆನೋ ದೇವರಿಗೇ ಗೊತ್ತು. ಪಾಟಿ ಇರಲಿಲ್ಲ ಎಂದು ಕಾಣುತ್ತದೆ.

ಗೋಕಾಕಿನ ಈ ಮನೆಗೆ ವಾಪಸು ಬಂದು ನಿಮ್ಮ ಅಜ್ಜನಿಗೆ ಒಬ್ಬರಿಗೇ ಹೇಳಿದೆ. "ನೀನಾ?" ಎಂದರು, ಅಷ್ಟೇ. ನನ್ನ ದನಿಯ ಬಗ್ಗೆ ಅವರಿಗೆ ದೊಡ್ಡ ಗೌರವವೇನೂ ಇರಲಿಲ್ಲ. ಹಿಂದೆ ನಮ್ಮಲ್ಲಿ ಎಮ್ಮೆ ಇದ್ದಾಗ ಕಸ ಹೊಡೆಯುತ್ತ ನಾನು ಏನಾದರೂ ಗುನುಗಿದರೆ, "ಸಾಕ ಮಾಡ, ಎಮ್ಮಿ ಹಾಲ ಏರಿಸಿಕೊಂಡಾವು" ಎನ್ನುತ್ತಿದ್ದರು. ಕಾರ್ಯಕ್ರಮ ಬರುವ ದಿನ ನಾನು ನಾಚಿಕೆಯಿಂದ ಅಡುಗೆಮನೆ ಸೇರಿ ಬಾಗಿಲು ಹಾಕಿಕೊಂಡೆ. ನೋಡಲಿಲ್ಲ. ಸಂಜೆ ನಿಮ್ಮ ಅಜ್ಜ ಒಳಗೆ ಬಂದು ನೀರು ಕುಡಿದು, ಗೋಡೆಯ ಕಡೆ ಮುಖ ಮಾಡಿ ಹೇಳಿದರು: "ಹಿಡದೇನಿ. ಬೇಕಾದ್ರ ನೋಡಕೋ. ಕಡೀಕ ಸ್ವಲ್ಪ ಹೋಗೈತಿ. ಡಬ್ಬಿ ತುಂಬಿತು."

ಮರುದಿನ ಯಾರೂ ಇಲ್ಲದಾಗ ನೋಡಿದೆ. ತಪ್ಪಿಹೋದೀತು ಎಂದು ಹೆದರಿ ಮೂರು ತಾಸು ಮೊದಲೇ ಕೆಂಪು ಗುಂಡಿ ಒತ್ತಿದ್ದರು. ಬೇಸಾಯದ ಕಾರ್ಯಕ್ರಮ, ದನದ ಹಿಂಡಿಯ ಜಾಹೀರಾತು, ವಾರ್ತೆ, ಇಂಗಿನ ಜಾಹೀರಾತು, ಮತ್ತೆ ಹಿಂಡಿ. ಎಲ್ಲ ಮುಗಿದ ಮೇಲೆ ಬೇವಿನ ಗಿಡ, ಜೋಕಾಲಿ, ನಾನು. ನಾಲ್ಕು ಸಾಲಿನ ಮೊದಲ ನುಡಿಯಲ್ಲಿ ಮೂರು ಸಾಲು ಹಾಡಿದ್ದೇನೆ. ನಾಲ್ಕನೆಯದಕ್ಕೆ ಬಾಯಿ ತೆರೆದಾಗ ಚಿತ್ರ ನಿಂತುಹೋಗುತ್ತದೆ. ಬಾಯಿ ತೆರೆದಂತೆಯೇ ನಿಂತಿದ್ದೇನೆ. ಆಮೇಲೆ ಪಟ್ಟಿ ತೆಗೆದು ನೋಡಿದೆ. ಅದರಲ್ಲಿ ಒಂದು ಕುಸ್ತಿಯೂ ಉಳಿದಿರಲಿಲ್ಲ. ಜಾಗ ಮಾಡಲು ಎಲ್ಲವನ್ನೂ ಅಳಿಸಿದ್ದರು. ಆ ಬಗ್ಗೆ ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಎರಡು ವರ್ಷಕ್ಕೆ ಅವರು ಹೋದರು.

ಈಗ ನಿಮ್ಮ ಹೊಸ ವೈಭವದ ವಿಷಯ. ಅದನ್ನು ಈ ಮನೆಗೆ ಹೊಗಿಸಿದವರು ಹುಕ್ಕೇರಿಯ ನಿಮ್ಮ ಮಾಮಾ, ನನ್ನ ಮಗಳ ಗಂಡ, ಅಳಿಯ. ತಾಲೂಕಾ ಆಫೀಸಿನಲ್ಲಿ ಕೆಲಸ. ಆಫೀಸಿನಲ್ಲಿ ಕೂತು ಜನಕ್ಕೆ ನಾಳೆ ಬಾ ಎಂದು ಹೇಳಿ ಹೇಳಿ, ತನಗೆ ಗೊತ್ತಿಲ್ಲದ್ದು ಲೋಕದಲ್ಲಿ ಏನೂ ಇಲ್ಲ ಎನ್ನುವ ನಂಬಿಕೆ ಅವರಿಗೆ ಗಟ್ಟಿಯಾಗಿದೆ. ಅವರ ಮೊಬೈಲಿನ ಸಿನಿಮಾ ಚಂದಾವನ್ನೇ ನಿಮ್ಮಪ್ಪನ ಮೊಬೈಲಿಗೂ ಹಾಕಿ, ಅದನ್ನು ಟೀವಿಗೆ ಹಚ್ಚುವುದನ್ನು ತೋರಿಸಿಕೊಟ್ಟರು. ಅಂದಿನಿಂದ ಅಲ್ಲಿಯವರು ನೋಡುವಾಗ ಇಲ್ಲಿ ನಿಲ್ಲುತ್ತಿತ್ತು, ಇಲ್ಲಿ ಹಚ್ಚಿದರೆ ಅಲ್ಲಿ. ಊಟದ ಹೊತ್ತಿಗೆ ಹುಕ್ಕೇರಿಯಿಂದ ಫೋನು: "ನೀವು ಬಂದ್ ಮಾಡ್ರಿ, ನಮ್ಮದು ಕ್ಲೈಮಾಕ್ಸ್ ನಡದೈತಿ." ಓದಿದ ಎರಡು ಮನೆಗಳು ಒಂದು ನಳಕ್ಕೆ ಜಗಳಾಡಿದಂತೆ ಜಗಳಾಡುವುದನ್ನು ನೋಡಿದೆ.

ಇನ್ನು ನೀವು ನೋಡುವ ಚಂದ! ತಾಟಿನಲ್ಲಿ ಬಿಸಿ ರೊಟ್ಟಿ ಹಾಕಿಕೊಟ್ಟಿರುತ್ತೇನೆ. ನಿಮ್ಮಪ್ಪ ರಿಮೋಟ್ ಹಿಡಿದು ಚಿತ್ರಗಳನ್ನು ತಳ್ಳುತ್ತ ಕೂರುತ್ತಾನೆ. ಇದು ಬೇಡ, ಅದು ಬೇಡ, ಇದಕ್ಕೆ ಸ್ಟಾರು ಕಡಿಮೆ, ಅದು ಉದ್ದ. ಹೆಣ್ಣು ನೋಡುವವರೂ ಇಷ್ಟು ಫೋಟೋ ತಿರುವಿಹಾಕುವುದಿಲ್ಲ. ರೊಟ್ಟಿ ಒಣಗಿ ಹಪ್ಪಳವಾಗುತ್ತದೆ. ಕೊನೆಗೆ ಯಾವುದೋ ಒಂದನ್ನು ಹಚ್ಚಿದರೆ, ತುಟಿ ಒಂದು ಹೇಳುತ್ತದೆ, ಮಾತು ಇನ್ನೊಂದು. ತೆಲುಗಿನವನ ಬಾಯಲ್ಲಿ ಬೆಂಗಳೂರಿನ ಕನ್ನಡ. ಹತ್ತು ನಿಮಿಷಕ್ಕೆ ನಿಮ್ಮಪ್ಪನಿಗೆ ತೂಕಡಿಕೆ. ನಿಮ್ಮವ್ವ ಒಂದು ಸಿನಿಮಾ ಅರ್ಧ ನೋಡಿ, ಉಳಿದದ್ದನ್ನು ಮುಂದಿನ ವಾರ ನೋಡೋಣವೆಂದು ಬಿಟ್ಟಳು. ಮುಂದಿನ ವಾರ ಆ ಸಿನಿಮಾವೇ ಇಲ್ಲ. ತೆಗೆದುಬಿಟ್ಟಿದ್ದಾರಂತೆ. ಅವಳು ಕೇಳಿದ್ದು ಆ ಹುಡುಗಿಗೆ ಮದುವೆ ಆಯಿತೋ ಇಲ್ಲವೋ ಎಂಬುದಷ್ಟೇ. ಅದನ್ನು ಹೇಳುವವರು ಈ ಭೂಮಿಯ ಮೇಲೆ ಯಾರೂ ಇರಲಿಲ್ಲ. ಬಹಳ ಹೊತ್ತು ಸುಮ್ಮನೆ ಕೂತರೆ ಆ ಟೀವಿ, "ಇನ್ನೂ ನೋಡುತ್ತಿದ್ದೀರಾ?" ಎಂದೂ ಕೇಳುತ್ತದೆ. ಬೀಗರ ಮನೆಯಲ್ಲಿ ಒಂದು ದಿನ ಹೆಚ್ಚಿಗೆ ಉಳಿದವರನ್ನು ಕೇಳಿದಂತೆ.

ಹೋದ ವರ್ಷ ದಸರೆಗೆ ಹದಿನೈದು ದಿನ ಮೊದಲು, ಡಿಶ್ಶಿನ ಪ್ಯಾಕ್ ಮುಗಿಯುವ ಹೊತ್ತಿಗೆ, ಅಳಿಯ ಬಂದಿದ್ದರು. ಪಡಸಾಲೆಯಲ್ಲಿ ಅವರೂ ನಿಮ್ಮಪ್ಪನೂ. ನಾನು ನನ್ನ ಬಾಗಿಲಲ್ಲಿ.

"ಎರಡೂ ಯಾಕ ಬೇಕೋ?" ಎಂದರು ಅಳಿಯ. "ಒಂದ ಮನಿಗೆ ಎರಡ ಬಾವಿ ಯಾರ ತೋಡಸ್ತಾರ? ಡಿಶ್ ತಗಿಸಿಬಿಡು. ನಿನ್ನ ಹೆಸರಲೇ ಬ್ಯಾರೆ ಚಂದಾ ಹಾಕು."

"ಅವ್ವ ಮುಂಜಾನಿ ಪ್ರವಚನ ನೋಡ್ತಾಳಲ್ಲ ಮಾಮಾ," ಎಂದ ನಿಮ್ಮಪ್ಪ.

"ಅದರಾಗ ಪ್ರವಚನ ಬರೂದಿಲ್ಲೇನು? ಸಾವಿರ ಬರ್ತಾವ. ಬೇಕಾದ ಸ್ವಾಮಿಗಳನ್ನ ಆರಿಸಿಕೊಂಡ ಕುಂದರಲಿ."

"ಮತ್ತ ಡಬ್ಬಿಯೊಳಗ ಹಿಡದ ಇಡೂದು?"

"ಹಿಡದ ಯಾರ ಇಡ್ತಾರೋ ಈಗ? ಉಪ್ಪಿನಕಾಯಿ ಹಾಕಿ ಭರಣಿ ತುಂಬೂ ಕಾಲ ಹೋತು. ಬೇಕ ಅನಿಸಿದಾಗ ಬೇಕಾದ್ದ ಸಿಗತೈತಿ."

ನನ್ನ ಕೈಯಲ್ಲಿದ್ದ ಬೋಗುಣಿ ಬಿತ್ತು. ಬಿತ್ತೋ, ಬೀಳಿಸಿದೆನೋ. "ಏನ ಬಿತ್ತವ್ವಾ?" ಎಂದು ನಿಮ್ಮಪ್ಪ ಕೂಗಿದ. "ಏನಿಲ್ಲ" ಎಂದೆ. ಹೋಗುವಾಗ ಉಪ್ಪಿನಕಾಯಿಯ ಕಾಲ ಹೋಯಿತು ಎಂದ ಅಳಿಯ ಎರಡು ಬಾಟಲಿ ಮಾವಿನ ಉಪ್ಪಿನಕಾಯಿ ತೆಗೆದುಕೊಂಡು ಹೋದರು. ಮುಚ್ಚಳ ಬಿಗಿಯಾಗಿದೆಯೋ ಎಂದು ಎರಡು ಸಲ ತಿರುವಿ ನೋಡಿಕೊಂಡರು.

ನಿಮ್ಮಪ್ಪನನ್ನು ಬಾಜೂಕ್ಕೆ ಕರೆದು ಹೇಳಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ಏನೆಂದು ಹೇಳಲಿ? ಮಗನ ಮುಂದೆ ನಿಂತು, ನಾನು ಬಾಯಿ ತೆರೆದು ಹಾಡಿದ್ದೇನೆ, ಅದನ್ನು ಉಳಿಸು ಎನ್ನಲೇ? ಹದಿನೈದು ದಿನ ಅದನ್ನು ಗಂಟಲಲ್ಲಿ ಇಟ್ಟುಕೊಂಡು ರೊಟ್ಟಿ ಬಡಿದೆ. ಆ ದಿನಗಳಲ್ಲಿ ನನ್ನ ಬಗ್ಗೆ ನನಗಿದ್ದ ಅಸಹ್ಯದ ಮುಂದೆ ಅಳಿಯನ ಮೇಲಿನದು ಏನೂ ಅಲ್ಲ.

ಮಹಾನವಮಿ ಬಂತು. ಆ ದಿನ ಖಂಡೆ ಪೂಜೆ. ಮನೆಯಲ್ಲಿ ದುಡಿಯುವ ಹತ್ಯಾರಗಳನ್ನೆಲ್ಲ ತೊಳೆದು, ವಿಭೂತಿ, ಕುಂಕುಮ ಹಚ್ಚಿ, ಸಾಲಾಗಿ ಇಟ್ಟು ಪೂಜೆ ಮಾಡುತ್ತೇವೆ. ಒಮ್ಮೆ ಪೂಜೆಗೆ ಕೂತದ್ದನ್ನು ಮರುದಿನ ಬನ್ನಿ ಹಂಚುವ ತನಕ ಯಾರೂ ಮುಟ್ಟುವಂತಿಲ್ಲ. ಅಡಿಕೆ ಕತ್ತರಿಸುವ ಅಡಕತ್ತರಿಯನ್ನೂ ಮುಟ್ಟುವಂತಿಲ್ಲ. ಆ ದಿನ ಬೆಳಿಗ್ಗೆ ಕುಡಗೋಲು, ಕುರ್ಪಿ, ಕೊಡಲಿ, ಈಳಿಗೆ, ನಿಮ್ಮಪ್ಪ ಮೋಟಾರು ರಿಪೇರಿಗೆ ಬಳಸುವ ಪಾನಾ, ಪಕ್ಕಡ್ ಎಲ್ಲವನ್ನೂ ಜೋಡಿಸುತ್ತ ಕೂತಿದ್ದೆ. ನಿಮ್ಮವ್ವ ಹೋಳಿಗೆಯ ಕಣಕ ನಾದುತ್ತಿದ್ದಳು. ಆಗ ತಲೆಗೆ ಬಂತು. ಎದ್ದು ಹೋಗಿ, ಟೀವಿಯ ಕೆಳಗಿನಿಂದ ಡಬ್ಬಿಯ ವಾಯರು ಕಿತ್ತು ತಂದು, ಕೊಡಲಿಗೂ ಪಕ್ಕಡಿಗೂ ನಡುವೆ ಕೂರಿಸಿದೆ. ಒದ್ದೆ ವಿಭೂತಿಯಲ್ಲಿ ಮೂರು ಬೆರಳು ಅದ್ದಿ ಅದರ ಹಣೆಗೆ ದಪ್ಪಗೆ ಎಳೆದೆ. ನಡುವೆ ಕುಂಕುಮ. ಒಂದು ಚೆಂಡು ಹೂವು. ಉದಿನಕಡ್ಡಿ ಬೆಳಗಿ ಕೈ ಮುಗಿದೆ.

ಮಧ್ಯಾಹ್ನ ಹೋಳಿಗೆ ಊಟಕ್ಕೆ ಅಳಿಯನೂ ಬಂದಿದ್ದರು. ಅವರ ಹಿಂದೆಯೇ ಪೇಟೆಯ ಟೀವಿ ಅಂಗಡಿಯವನು ಬಂದ. ಸಿನಿಮಾ ಬರುವ ಬೆರಳುದ್ದದ ಹೊಸ ಕಡ್ಡಿಯೊಂದನ್ನು ಟೀವಿಗೆ ಚುಚ್ಚಿ, ಹಳೆಯ ಡಬ್ಬಿಯನ್ನು ಬದಲಿಗೆ ಒಯ್ಯುವುದು ಎಂದು ಮಾತಾಗಿತ್ತಂತೆ. ನಾಲ್ಕು ಬೆರಳಿಗೆ ನಾಲ್ಕು ಉಂಗುರ, ಬಾಯಿ ತುಂಬ ತಂಬಾಕು. ನಿಮ್ಮಪ್ಪ ಡಬ್ಬಿ ಹುಡುಕಿದ, ಕೊಡಲಿಯ ಬಾಜೂಕ್ಕೆ ಕಂಡ, ಎತ್ತಲು ಬಾಗಿದ.

"ಅಯ್ಯಽ, ಮುಟ್ಟಬ್ಯಾಡ್ರಿ!" ಎಂದು ನಿಮ್ಮವ್ವ ಒಳಗಿನಿಂದ ಓಡಿ ಬಂದಳು. "ಪೂಜಿ ಆಗೈತಿ!"

ಅಳಿಯ ಹೊಟ್ಟೆ ಹಿಡಿದುಕೊಂಡು ನಕ್ಕರು. "ಡಬ್ಬಿಗೆ ಖಂಡೆ ಪೂಜಿ! ಇನ್ನ ಫ್ರಿಜ್ಜಿಗೂ ಲಿಂಗಾ ಕಟ್ಟಿಬಿಡ್ರಿ. ಅದೇನ ಹತ್ಯಾರೇನು?"

"ನಿಮ್ಮ ಆಫೀಸನ್ಯಾಗ ಕಂಪ್ಯೂಟರಿಗೆ ಕುಂಬಳಕಾಯಿ ಒಡೀತೀರಲ್ರಿ ಅಣ್ಣಾರ," ಎಂದಳು ನಿಮ್ಮವ್ವ. "ಅದೇನ ಕುಡಗೋಲೇನ್ರಿ? ಅದರಲೇ ಕಬ್ಬ ಕಡೀತೀರೇನ?"

ನಾನು ಬಾಗಿಲ ಮರೆಯಲ್ಲಿದ್ದೆ. ನನ್ನ ಸೊಸೆಯ ಬಾಯಿ ಉದ್ದ ಎಂದು ಹದಿನಾಲ್ಕು ವರ್ಷ ಮನಸ್ಸಿನಲ್ಲೇ ದೂರಿದ್ದವಳು. ಆ ದಿನ ಆ ಬಾಯಿ ಇನ್ನೂ ಒಂದು ಗೇಣು ಉದ್ದ ಇದ್ದರೂ ನಡೆಯುತ್ತಿತ್ತು.

ಅಂಗಡಿಯವನೇ ಹಿಂದೆ ಸರಿದ. "ಬ್ಯಾಡ್ರಿ ಸಾವಕಾರ, ಪೂಜಿ ಆಗಿದ್ದ ನಾ ಮುಟ್ಟೂದಿಲ್ಲ. ಬನ್ನಿ ಆಗಲಿ, ನಾಡದ ಬರ್ತೀನಿ." ಕಡ್ಡಿ ಚುಚ್ಚಿ, ಹೋಳಿಗೆ ತಿಂದು ಹೋದ.

ಎರಡು ದಿನ ಸಿಕ್ಕಿತು. ಎರಡು ದಿನದಲ್ಲಿ ಧೈರ್ಯ ಬಂದೀತು ಎಂದುಕೊಂಡೆ. ಬರಲಿಲ್ಲ. ಬನ್ನಿ ಕೊಟ್ಟು ಬಂಗಾರದಂತೆ ಇರೋಣ ಎಂದು ಇಡೀ ಓಣಿಗೆ ಹೇಳಿದೆ. ಮಗನಿಗೆ ಹೇಳಬೇಕಾದ್ದೊಂದನ್ನು ಹೇಳಲಿಲ್ಲ. ಅಳಿಯ ಹುಕ್ಕೇರಿಗೆ ಹೋದರು, ಈ ಸಲ ಉಪ್ಪಿನಕಾಯಿಯ ಜೊತೆ ಕರದಂಟು.

ಹೇಳಿದ ದಿನ ಅಂಗಡಿಯವನು ಬಂದ. ಒಯ್ಯುವ ಮೊದಲು ನಡೆಯುತ್ತದೋ ಇಲ್ಲವೋ ನೋಡಬೇಕು ಎಂದು ಡಬ್ಬಿಗೆ ವಾಯರು ಸಿಗಿಸಿದ. ರಿಮೋಟ್ ಒತ್ತಿದ. ಏನೂ ಇಲ್ಲ. ಸೆಲ್ ತೆಗೆದು ಹಾಕಿದ. ಒತ್ತಿದ. ಡಬ್ಬಿಯ ಬೆನ್ನಿಗೆ ಎರಡು ಗುದ್ದಿದ. ಏನೂ ಇಲ್ಲ.

"ಇದು ಸತ್ತೈತ್ರಿ," ಎಂದ, ಡಾಕ್ಟರು ಹೇಳಿದಂತೆ. "ಒಳಗ ಸುಟ್ಟ ಹೋಗೈತಿ. ಇದಕ್ಕ ಏನೂ ಕೊಡಾಕ ಬರೂದಿಲ್ಲ. ನಾನ ಒಯ್ದ ಒಗೀತೀನಿ, ಬಿಡ್ರಿ."

"ಹಂಗಾರ ಒಯ್ದ ಬಿಡು," ಎಂದ ನಿಮ್ಮಪ್ಪ.

ಬಾಗಿಲಿನಿಂದ ನನಗೆ ಡಬ್ಬಿಯ ಮುಖ ಕಾಣುತ್ತಿತ್ತು. ಅದರ ಮುಂಭಾಗದಲ್ಲಿ ಒಂದು ಸಣ್ಣ ಕಪ್ಪು ಗಾಜಿನ ಚೂರಿದೆ. ರಿಮೋಟಿನ ಮಾತು ಒಳಗೆ ಹೋಗುವುದು ಅದರಿಂದಲೇ. ನಿಮ್ಮ ಅಜ್ಜ ನನಗೆ ತೋರಿಸಿ ಕೊಟ್ಟಿದ್ದರು, ಅದರ ಮುಂದೆ ಡಬರಿ ಇಡಬೇಡ ಎಂದು ಬೈದೂ ಇದ್ದರು. ಆ ಗಾಜಿನ ಮೇಲೆ ನನ್ನದೇ ಮೂರು ಬೆರಳಿನ ವಿಭೂತಿ ಗೋಡೆಯ ಗಿಲಾವಿನಂತೆ ಒಣಗಿ ಕೂತಿತ್ತು. ನಡುವೆ ಕುಂಕುಮ. ಉಳಿಸಲು ಹೋಗಿ ನಾನೇ ಅದರ ಕಣ್ಣು ಮುಚ್ಚಿದ್ದೆ. ಆ ನಾಲ್ಕು ಉಂಗುರದವನು ದಿನಕ್ಕೆ ಹತ್ತು ಡಬ್ಬಿ ಬಿಚ್ಚುವವನು. ಅವನಿಗೆ ಅದು ಕಾಣಲಿಲ್ಲವೋ, ಕಂಡೂ ಕಾಣದಂತೆ ಪುಕ್ಕಟೆ ಒಯ್ಯಬೇಕಿತ್ತೋ, ನಾನು ಹೇಳಲಾರೆ.

ಅವನು ಡಬ್ಬಿಯನ್ನು ಚೀಲಕ್ಕೆ ಹಾಕಲು ಹೊರಟ. ವಾಯರು ಕೀಳುವ ಮೊದಲೇ ನಾನು ಬಾಗಿಲು ದಾಟಿದೆ. ಗಂಡಸರು ಕೂತ ಪಡಸಾಲೆಯ ನಡುವೆ ನಡೆದು ಹೋಗಿ, ಸೆರಗಿನ ತುದಿಯನ್ನು ತಂಬಿಗೆಯ ನೀರಲ್ಲಿ ಅದ್ದಿ, ಅವನ ಕೈಯಲ್ಲಿದ್ದ ಡಬ್ಬಿಯ ಮುಖ ಒರೆಸಿದೆ.

"ಅವ್ವಾ, ಏನ ಮಾಡಾಕತ್ತಿ?"

"ಕಣ್ಣಿಗೆ ವಿಭೂತಿ ಬಡದೈತಿ," ಎಂದೆ. "ಕಣ್ಣ ಕಟ್ಟಿ, ಸತ್ತೈತಿ ಅಂದ್ರ?"

ಅವನ ಕೈಯಿಂದ ರಿಮೋಟ್ ತೆಗೆದುಕೊಂಡು ಒತ್ತಿದೆ. ಹಸಿರು ದೀಪ ಹತ್ತಿತು. ಟೀವಿಯಲ್ಲಿ ಪಟ್ಟಿ ಬಂತು. ಪಟ್ಟಿಯಲ್ಲಿ ಒಂದೇ ಒಂದು ಹೆಸರು.

"ಅಜ್ಜಿ ಭಾಳ ಶಾಣ್ಯಾ ಅದಾರ," ಎಂದು ಅಂಗಡಿಯವನು ಹಲ್ಲು ಕಿರಿದ. ಆ ಹಲ್ಲಿನ ಬಣ್ಣ ನಾನು ಮರೆತಿಲ್ಲ.

ಆ ಹೆಸರಿನ ಮೇಲೆ ಒತ್ತಿದೆ. ಇಂಗ್ಲಿಷಿನಲ್ಲಿ ಏನೋ ಬಂತು. ಪ್ಯಾಕ್ ಮುಗಿದಿದೆ, ರಿಚಾರ್ಜ್ ಮಾಡದೆ ತೋರಿಸುವುದಿಲ್ಲ ಎಂದು ನಿಮ್ಮಪ್ಪ ಓದಿ ಹೇಳಿದ. ನಮ್ಮ ಮನೆಯಲ್ಲಿ, ನಮ್ಮ ಡಬ್ಬಿಯಲ್ಲಿ, ನನ್ನ ಗಂಡ ಹಿಡಿದಿಟ್ಟದ್ದನ್ನು ನೋಡಲು ನಾನು ಯಾವನದೋ ಅಪ್ಪಣೆ ಕೇಳಬೇಕು. ಹಳೆಯದೂ ಹೊಸದೂ ಎರಡೂ ಒಂದೇ ಜಾತಿ ಎಂದು ಆಗ ತಿಳಿಯಿತು; ಒಂದು ನೀನು ಯಾರು ಎನ್ನುತ್ತದೆ, ಒಂದು ಸುಂಕ ತಾ ಎನ್ನುತ್ತದೆ.

"ಹೋಗಲಿ ಬಿಡವ್ವಾ," ಎಂದ ನಿಮ್ಮಪ್ಪ. "ಏನೈತಿ ಅದರಾಗ?"

"ಅದರಾಗ ನಾ ಅದೇನಿ."

ಅವನಿಗೆ ತಿಳಿಯಲಿಲ್ಲ. ನನ್ನ ತಲೆ ಕೆಟ್ಟಿತೋ ಎನ್ನುವಂತೆ ನೋಡಿದ. "ನೀ ಅದಿ ಅಂದ್ರ?"

ಹೇಳಿದೆ. ಮೂಡಲಗಿ, ಪಂಚಮಿ, ಜೋಕಾಲಿ, ನಿಮ್ಮ ಅಜ್ಜ ಹಿಡಿದಿಟ್ಟದ್ದು. ನಾಲ್ಕೇ ಮಾತು. ಹೇಳುವಾಗ ಡಬ್ಬಿಯನ್ನೇ ನೋಡುತ್ತಿದ್ದೆ. ಅಂಗಡಿಯವನು ಚಪ್ಪಲಿ ಹುಡುಕಿಕೊಂಡು ಹೋದ. ನಿಮ್ಮಪ್ಪ ಮೊಬೈಲ್ ತೆಗೆದು, ಹೆಬ್ಬೆರಳಿನಿಂದ ಏನೋ ಒತ್ತಿದ. ಎರಡು ನಿಮಿಷಕ್ಕೆ ಪ್ಯಾಕ್ ಬಂತು. ಹದಿನೈದು ದಿನ ಎದೆಯ ಮೇಲೆ ಬೀಸುವ ಕಲ್ಲು ಹೊತ್ತದ್ದು ಈ ಎರಡು ನಿಮಿಷದ ಕೆಲಸಕ್ಕೆ.

ಮರುದಿನ ರವಿವಾರ ಎಲ್ಲರೂ ನೋಡಲು ಕೂತಿರಿ. ನೆನಪಿದೆಯೇ? ಬೇಸಾಯದ ಕಾರ್ಯಕ್ರಮ ಬಂದ ಕೂಡಲೇ, "ಆಯಿ, ಫಾರ್ವರ್ಡ್ ಮಾಡೂಣು" ಎಂದಿರಿ. ನಾನು ರಿಮೋಟನ್ನು ತೊಡೆಯ ಕೆಳಗೆ ಇಟ್ಟುಕೊಂಡೆ. ನಿಮ್ಮ ಅಜ್ಜ ಕುಸ್ತಿ ಅಳಿಸಿ ಹಿಡಿದ ಹಿಂಡಿ ಅದು. ಅದನ್ನು ಓಡಿಸುವುದಿಲ್ಲ. ಅರ್ಧ ತಾಸಿಗೆ ನೀವಿಬ್ಬರೂ ಎದ್ದುಹೋದಿರಿ. ಒಂದು ಇಡೀ ರಜೆಯನ್ನು ಆ ಕಡ್ಡಿಯ ಮುಂದೆ ಮಲಗಿ ಕಳೆಯುವ ಶೂರರಿಗೆ, ಆಯಿಗಾಗಿ ಎರಡು ಜಾಹೀರಾತು ತಡೆಯಲಾಗಲಿಲ್ಲ. ನಿಮ್ಮಪ್ಪ ಒಂದು ತಾಸು ತಡೆದ. ಆಮೇಲೆ ಯಾರದೋ ಮೋಟಾರು ಸುಟ್ಟಿದೆ ಎಂದು ಫೋನು ಬಂತು, ಹೋದ. ಹೋಗುವಾಗ ಅವನ ಮುಖದಲ್ಲಿ ಆ ಮೋಟಾರಿನ ಉಪಕಾರ ಸ್ಮರಣೆಯಿತ್ತು.

ನಿಮ್ಮವ್ವ ಕೂತಳು. ಮೊರದಲ್ಲಿ ಶೇಂಗಾ ಸುಲಿಯುತ್ತ ಕೂತಳು. ವಾರ್ತೆ ಬಂತು, ಇಂಗು ಬಂತು, ಮತ್ತೆ ಹಿಂಡಿ ಬಂತು. ಅವಳ ಬಾಯಿ ಅಷ್ಟು ಹೊತ್ತು ಮುಚ್ಚಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಬೇವಿನ ಗಿಡ ಬಂತು. ನಾನು ನೆಲ ನೋಡುತ್ತಿದ್ದೆ. ಹಾಡು ಕೇಳಿತು:

ಅಟ್ಟದ ಮ್ಯಾಲಿನ ಅಳ್ಳು ಮೆತ್ತಗಾದಾವ,
ಅಣ್ಣಾ, ನೀ ಬರೂ ಹಾದಿ ಹುಲ್ಲು ಬೆಳದೈತಿ,
ಕಟ್ಟಿದ ಜೋಕಾಲಿ ಕೈ ಮಾಡಿ ಕರದೈತಿ,

ಅಲ್ಲಿಗೆ ನಿಂತಿತು. ಟೀವಿಯ ತುಂಬ ನನ್ನ ತೆರೆದ ಬಾಯಿ.

"ಮುಂದ?" ಎಂದಳು ನಿಮ್ಮವ್ವ.

"ಇಷ್ಟ. ಡಬ್ಬಿ ತುಂಬಿತ್ತು."

"ನಿಮಗ ಬರತೈತೆಲ್ರಿ ಅತ್ತಿ. ಮುಂದಿನ ಸಾಲ ಏನು?" ಅವಳು ಒಂದು ಶೇಂಗಾ ಒಡೆದಳು. "ನಮ್ಮೂರಾಗೂ ಇದನ್ನ ಹಾಡ್ತಾರ್ರಿ. 'ಕೊಟ್ಟ ಮನಿ ಬಿಟ್ಟ ನಾ ಓಡಿ ಬರತೇನಿ' ಅಂತಾರ."

"ನಿಮ್ಮೂರ ಹೆಣ್ಣಮಕ್ಕಳ ಓಡಿ ಹೋಗೋರ ಬಿಡು," ಎಂದೆ. "ಹಾಡಿನ ಮಾನ ತಗದ್ರು. ಅದು ಹಂಗಿಲ್ಲ."

"ಹೆಂಗ ಐತಿ ಮತ್ತ?"

ಹೇಳಿದರೆ ಅವಳಿಗೆ ತಿಳಿಯುವುದಿಲ್ಲ, ರಾಗ ಇಳಿಯಬೇಕು ಅಲ್ಲಿ, ಅವರ ಊರಿನವರಂತೆ ಏರಿಸಿದರೆ ಕೆಟ್ಟಿತು. ತೋರಿಸಲೆಂದು ಹಾಡಿದೆ:

ಕೊಟ್ಟ ಮನಿಯ ಕೇಳದ ನಾ ಹೆಂಗ ಬರಲೋ.

ಒಂದು ಸಾಲಿಗೆ ನಿಲ್ಲಲಿಲ್ಲ. ಅದರ ಮುಂದಿನ ನುಡಿಯಲ್ಲಿ ಅವರ ಊರಿನವರು ಇನ್ನೇನು ಕೆಡಿಸಿದ್ದಾರೋ ಎಂದು ಅದನ್ನೂ ಹಾಡಿದೆ. ಅಣ್ಣ ಬರುವ ನುಡಿ, ಬಂದು ಅಂಗಳದಲ್ಲೇ ನಿಲ್ಲುವ ನುಡಿ, ಅತ್ತೆ ಬುತ್ತಿ ಕಟ್ಟಿಕೊಡುವ ನುಡಿ. ಬಾಜೂಕಿನ ಮನೆಯ ಹೆಣ್ಣುಮಗಳು ಗೋಡೆಯ ಮೇಲಿಂದ ಇಣುಕಿದಳು. ಆಗ ನಿಲ್ಲಿಸಿದೆ.

ನಿಮ್ಮವ್ವ ಶೇಂಗಾ ಸುಲಿಯುವುದನ್ನು ಬಿಟ್ಟು ಕೂತಿದ್ದಳು. "ಇಷ್ಟ ದನಿ ಇಟ್ಟಕೊಂಡ, ಬಾಗಲ ಹಿಂದ ಯಾಕ ನಿಂದರ್ತೀರಿ?" ಎಂದಳು.

ಮೊರ ನನ್ನ ಕಡೆ ಎಳೆದುಕೊಂಡು ಉಳಿದ ಶೇಂಗಾ ಸುಲಿದೆ.

ಆಮೇಲೆ ನಿಮ್ಮಪ್ಪನೂ ಅದನ್ನು ಟೀವಿಯ ಮುಂದೆ ನಿಂತು ಮೊಬೈಲಿನಲ್ಲಿ ಹಿಡಿದಿದ್ದಾನೆ. ಅದರಲ್ಲಿ ಬೇವಿನ ಗಿಡಕ್ಕಿಂತ ನಮ್ಮ ಟ್ಯೂಬ್‌ಲೈಟೇ ಚೆನ್ನಾಗಿ ಬಂದಿದೆ. ನಡುವೆ ಅವನೇ ಎರಡು ಸಲ ಸೀನಿದ್ದಾನೆ. ಅದಕ್ಕೆ ನಾನು ನಾಲ್ಕನೆಯ ಸಾಲನ್ನು ಇಲ್ಲಿ ಕೈಯಿಂದ ಬರೆದಿದ್ದು. ಕಾಗದಕ್ಕೆ ರಿಚಾರ್ಜ್ ಬೇಡ. ಎದ್ದುಹೋದವರು ಯಾವಾಗಲಾದರೂ ಓದಿಕೊಳ್ಳಬಹುದು.

ಈಗ ಮನೆಯಲ್ಲಿ ಎರಡೂ ಇವೆ. ಕಡ್ಡಿಯಲ್ಲಿ ನೀವು ಇನ್ನೂ ಆರಿಸುತ್ತಲೇ ಇದ್ದೀರಿ. ಡಬ್ಬಿಯಲ್ಲಿ ಪ್ರವಚನ ಹಿಡಿಯಲು ಜಾಗವಿಲ್ಲ. ಹಿಂಡಿಯ ಜಾಹೀರಾತು ಅಳಿಸಿದರೆ ಜಾಗವಾಗುತ್ತದೆ ಎಂದು ಹುಕ್ಕೇರಿಯ ಅಳಿಯ ಫೋನಿನಲ್ಲಿ ಸಲಹೆ ಕೊಟ್ಟರು. ಅವರ ಸಲಹೆಗೆ ನಾನು ಈಗ ಬೋಗುಣಿ ಬೀಳಿಸುವುದಿಲ್ಲ. "ಬ್ಯಾಡ್ರಿ" ಎಂದು ಹೇಳುತ್ತೇನೆ.

ಈ ವರ್ಷ ಖಂಡೆ ಪೂಜೆಗೆ ಡಬ್ಬಿಯನ್ನು ನಿಮ್ಮವ್ವನೇ ತಂದು ಕೊಡಲಿಯ ಬಾಜೂಕ್ಕೆ ಕೂರಿಸಿದಳು. ಮೂರು ಬೆರಳು ಅದ್ದಿ ವಿಭೂತಿ ಎಳೆದಳು, ಅದರ ಕಣ್ಣು ಬಿಟ್ಟು.